ಕಡಲು ಕೊರೆಯುವುದೇಕೆ ಎಂದು ಕೇಳಿದವರಿಗೆ

ಕಾರ್ತೆಲ್ ಕಳೆದು ಆಟಿ ತಿಂಗಳು ಹತ್ತಿರವಾಗುವ ಹೊತ್ತಿಗೆ ಉಳ್ಳಾಲದ ಕಡಲತಡಿಯಲ್ಲಿ ಪ್ರತಿವರ್ಷವೂ ಒಂದೇ ಮಾತು. ಕೋಟೆಪುರ, ಮೊಗವೀರಪಟ್ಣ, ಮುಕ್ಕಚ್ಚೇರಿ, ಸೋಮೇಶ್ವರ, ಉಚ್ಚಿಲ - ಎಲ್ಲಿ ಹೋದರೂ ಜನ ತೆರೆಗಳತ್ತ ನೋಡುತ್ತ ಮನೆಯ ಅಂಗಳಕ್ಕೂ ನೀರಿಗೂ ಎಷ್ಟು ಹೆಜ್ಜೆ ಉಳಿಯಿತೆಂದು ಲೆಕ್ಕ ಹಾಕುತ್ತಿರುತ್ತಾರೆ. ಕಳೆದ ವರ್ಷ ನಿಂತಿದ್ದ ತೆಂಗಿನಮರ ಈ ವರ್ಷ ಬೇರು ಬಿಟ್ಟು ಒರಗಿರುತ್ತದೆ. ಲಾರಿಗಳಲ್ಲಿ ತಂದು ಸುರಿದ ಕರಿಗಲ್ಲುಗಳಲ್ಲಿ ಅರ್ಧದಷ್ಟು ಕಾಣಿಸುವುದಿಲ್ಲ. ನೋಡಲು ಬಂದವರ ಮುಂದೆ ಅಲ್ಲಿಯವರು ಇಡುವ ಪ್ರಶ್ನೆ ಸರಳವಾದುದು: ಕಡಲು ಇಲ್ಲೇ ಯಾಕೆ ಕೊರೆಯುತ್ತದೆ? ಹಾಕಿದ ಕಲ್ಲು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಸಿದ್ಧವಾಗಿವೆ. ಸಮುದ್ರರಾಜ ಮುನಿದಿದ್ದಾನೆ ಎಂಬುದು ಒಂದು. ಇನ್ನೊಂದು ಉತ್ತರ ಸಂಶೋಧನಾ ವರದಿಗಳಲ್ಲಿದೆ. ಅದು ಇಂಗ್ಲಿಷಿನಲ್ಲಿದೆ, ನಕ್ಷೆ ಕೋಷ್ಟಕಗಳಲ್ಲಿದೆ. ವಿಚಿತ್ರವೆಂದರೆ ಕಡಲನ್ನು ಕುರಿತು ಬಲ್ಲವರಿಗೆ ಈ ಊರಿನ ಆಸುಪಾಸಿನಲ್ಲಿ ಕೊರತೆಯಿಲ್ಲ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ಉಳ್ಳಾಲದ ನೆರೆಯ ಕೊಣಾಜೆಯಲ್ಲಿ. ಕಡಲತೀರದ ಭೂವಿಜ್ಞಾನವನ್ನು ಅಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಲಾಗಿದೆ. ನೇತ್ರಾವತಿ ಸೇತುವೆ ದಾಟಿದರೆ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು. ಇನ್ನೂ ಉತ್ತರಕ್ಕೆ ಸುರತ್ಕಲ್ಲಿನಲ್ಲಿ ತಂತ್ರಜ್ಞಾನ ಸಂಸ್ಥೆ. ಅಲ್ಲಿ ತಿಳಿದದ್ದು ತಡಿಯ ಮನೆಯ ಜಗಲಿಯವರೆಗೆ ಬರಬೇಕಾದರೆ ನಡುವೆ ಯಾರೋ ಒಬ್ಬರು ಅದನ್ನು ಎತ್ತಿ ತರಬೇಕು. ಜನರಿಗೆ ವಿಜ್ಞಾನವನ್ನು ಹೇಳುವುದೆಂದರೆ ಈ ಹೊರೆ ಹೊರುವ ಕೆಲಸ.

ಇದು ಮಕ್ಕಳಿಗೆ ಬೆರಗು ಹುಟ್ಟಿಸುವ ಬಿಡುವೇಳೆಯ ಹವ್ಯಾಸವೆಂದು ಭಾವಿಸುವವರು ಬಹಳ. ಉಳ್ಳಾಲದಂಥ ಊರಿನಲ್ಲಿ ನಿಂತು ನೋಡಿದರೆ ಹಾಗೆನ್ನಿಸುವುದಿಲ್ಲ. ತನ್ನ ಮನೆಯ ಮುಂದೆ ಕೋಟಿಗಟ್ಟಲೆ ಹಣ ಸುರಿದು ಏನು ಕಟ್ಟುತ್ತಿದ್ದಾರೆ, ಅದರಿಂದ ಪಕ್ಕದ ಕೇರಿಗೆ ಏನಾಗುತ್ತದೆ ಎಂಬುದು ತಿಳಿಯದ ಮನುಷ್ಯ ಅರ್ಜಿ ಬರೆಯಲಾರ, ಸಭೆಯಲ್ಲಿ ಎದ್ದು ಕೇಳಲಾರ. ಕೊಟ್ಟದ್ದನ್ನು ತೆಗೆದುಕೊಳ್ಳುವುದೊಂದೇ ಅವನಿಗೆ ಉಳಿಯುವ ದಾರಿ.

ಹಿಮ್ಮಡಿಯ ಕೆಳಗಿನ ಹೊಯಿಗೆ

ಹಾಗಾದರೆ ಕಡಲ್ಕೊರೆತವನ್ನು ಹೇಳುವುದು ಹೇಗೆ? ಕೇಳುವವನಿಗೆ ಈಗಾಗಲೇ ಗೊತ್ತಿರುವುದರಿಂದ ಹೊರಡುವುದು ಒಳ್ಳೆಯದು. ಕಡಲ ತಡಿಯಲ್ಲಿ ನೀರು ಪಾದ ಮುಚ್ಚುವಷ್ಟು ಆಳದಲ್ಲಿ ನಿಂತವರೆಲ್ಲರಿಗೂ ಒಂದು ಅನುಭವವಿದೆ. ತೆರೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಹೊಯಿಗೆ ಜಾರಿಹೋಗಿ ಕಾಲು ತಾನಾಗಿ ಕುಸಿಯುತ್ತದೆ. ಪಾದ ಅಡ್ಡವಿದ್ದುದರಿಂದ ನೀರು ಅದನ್ನು ಬಳಸಿಕೊಂಡು ಓಡಬೇಕಾಯಿತು, ಓಡುವ ನೀರು ಬುಡವನ್ನು ತೋಡಿತು. ಪಾದದ ಜಾಗದಲ್ಲಿ ಒಂದೆರಡು ಟನ್ ತೂಗುವ ಬಂಡೆಯನ್ನು ಇಟ್ಟುನೋಡಿ. ಬಂಡೆಗೆ ಬಡಿದ ತೆರೆ ತನ್ನ ಬಲವನ್ನು ಕಳೆದುಕೊಳ್ಳದೆ ಹಿಂದಕ್ಕೆ ಚಿಮ್ಮುತ್ತದೆ, ಬುಡದ ಹೊಯಿಗೆಯನ್ನು ಎಳೆದೊಯ್ಯುತ್ತದೆ, ಬಂಡೆ ಕೆಳಗಿಳಿಯುತ್ತದೆ. ಕಲ್ಲು ಹೆಚ್ಚಿನ ಪಾಲು ಎಲ್ಲಿಗೂ ಹೋಗಿಲ್ಲ, ನಿಂತಲ್ಲೇ ಹೂತುಹೋಗಿದೆ.

ಎರಡನೆಯ ಅನುಭವವೂ ಎಲ್ಲರದೇ. ಕಡಲು ಶಾಂತವಾಗಿರುವ ತಿಂಗಳಲ್ಲಿ ಮಕ್ಕಳು ಚಪ್ಪಲಿ ಕಳಚಿಟ್ಟು ನೀರಂಚಿನಲ್ಲಿ ಆಡುತ್ತಾರೆ. ಅರ್ಧ ಗಂಟೆ ಕಳೆದು ನೋಡಿದರೆ ಚಪ್ಪಲಿ ಎಷ್ಟೋ ದೂರದಲ್ಲಿದೆ. ಚಪ್ಪಲಿ ಅಲ್ಲೇ ಇದೆ, ಮಕ್ಕಳೇ ಸರಿದಿದ್ದಾರೆ. ತೆರೆಗಳು ದಡಕ್ಕೆ ನೇರವಾಗಿ ಬರುವುದು ಅಪರೂಪ, ಸಾಮಾನ್ಯವಾಗಿ ಓರೆಯಾಗಿ ಬರುತ್ತವೆ. ಏರುವ ನೀರು ಹೊಯಿಗೆಯ ಕಣವನ್ನು ಓರೆಯಾಗಿ ಮೇಲಕ್ಕೊಯ್ಯುತ್ತದೆ. ಇಳಿಯುವ ನೀರು ಅದನ್ನು ಇಳಿಜಾರಿನ ನೇರಕ್ಕೆ ಕೆಳಕ್ಕೆ ತರುತ್ತದೆ. ಹೀಗೆ ಒಂದೊಂದು ತೆರೆಗೂ ಕಣ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ಹಗಲಿರುಳೂ ಬರುವ ತೆರೆಗಳನ್ನು ಎಣಿಸಿದರೆ, ದಡದುದ್ದಕ್ಕೂ ಒಂದು ಹೊಯಿಗೆಯ ನದಿಯೇ ಹರಿಯುತ್ತಿದೆ ಎಂದಂತಾಯಿತು.

ಈಗ ಲೆಕ್ಕದ ಪುಸ್ತಕ ತೆರೆಯಬಹುದು. ಕಡಲತೀರವೂ ಒಂದು ಅಂಗಡಿಯಂತೆ. ಅದಕ್ಕೂ ಜಮಾ-ಖರ್ಚು ಇದೆ. ಘಟ್ಟದಿಂದ ಇಳಿದು ಬರುವ ನೇತ್ರಾವತಿ ಮತ್ತು ಗುರುಪುರ ನದಿಗಳು ಹೊತ್ತು ತರುವ ಮರಳು ಜಮೆ. ಮಳೆಗಾಲದಲ್ಲಿ ನೈಋತ್ಯ ಮಾರುತದ ಎತ್ತರದ ತೆರೆಗಳು ತೀರದ ಹೊಯಿಗೆಯನ್ನು ಎಳೆದು ದಡದಿಂದ ಸ್ವಲ್ಪ ಆಚೆ ನೀರಿನೊಳಗೆ ದಿಬ್ಬ ಹಾಕುತ್ತವೆ, ಅದು ಖರ್ಚು. ಕಾರ್ತಿಕದ ಬಳಿಕ ಮೆಲ್ಲನೆ ಬರುವ ಉದ್ದನೆಯ ತೆರೆಗಳು ಅದೇ ದಿಬ್ಬವನ್ನು ಮತ್ತೆ ದಡಕ್ಕೆ ಹಾಕುತ್ತವೆ, ಅದು ಮರುಜಮೆ. ಈ ಹೋಗುವ-ಬರುವ ಆಟ ಕಡಲಿನ ಹುಟ್ಟುಗುಣ. ಮಳೆಗಾಲದಲ್ಲಿ ಸಣ್ಣದಾದ ತೀರವೆಲ್ಲ ಕೊರೆದುಹೋದ ತೀರವಲ್ಲ. ಆಪತ್ತು ಬರುವುದು ವರ್ಷದ ಕೊನೆಯಲ್ಲಿ ಲೆಕ್ಕ ಸರಿಹೋಗದಿದ್ದಾಗ. ನದಿಯಲ್ಲಿ ಮರಳು ತೆಗೆದರೆ, ಅಣೆಕಟ್ಟಿನ ಹಿಂದೆ ಅದು ನಿಂತರೆ ಜಮೆ ಕಡಿಮೆ. ದಡದುದ್ದಕ್ಕೂ ಸಾಗುವ ಹೊಯಿಗೆಗೆ ಕಡಲೊಳಕ್ಕೆ ಚಾಚಿದ ಕಟ್ಟೆಯೊಂದು ಅಡ್ಡವಾದರೆ, ಕಟ್ಟೆಯ ಒಂದು ಬದಿಯಲ್ಲಿ ಹೊಯಿಗೆ ತುಂಬುತ್ತದೆ, ಇನ್ನೊಂದು ಬದಿ ಬಡವಾಗುತ್ತದೆ.

ಉಳ್ಳಾಲದ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಿನದು. ಇಲ್ಲಿ ಎರಡು ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಕೋಟೆಪುರ. ಹಳೆ ಬಂದರಿಗೆ ಹೋಗಿಬರುವ ಮೀನುಗಾರರ ದೋಣಿಗಳಿಗೆ ದಾರಿ ಸುಗಮವಾಗಲೆಂದು 1990ರ ದಶಕದಲ್ಲಿ ಅಳಿವೆಯ ಇಕ್ಕೆಲಗಳಲ್ಲೂ ತಡೆಗೋಡೆ ಕಟ್ಟಲಾಯಿತು. ದೋಣಿಗಳಿಗೆ ಅದರಿಂದ ಅನುಕೂಲವಾಯಿತು. ಹೊಯಿಗೆಯ ಸಾಗಾಟದ ಮೇಲೂ ಅದರ ಪರಿಣಾಮ ಆಗದಿರಲಿಲ್ಲ. ಬಳಿಕ 2010ರ ದಶಕದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಡಿ, ತೆರೆಗಳ ಬಲವನ್ನು ದಡಕ್ಕೆ ಬರುವ ಮೊದಲೇ ಮುರಿಯುವ ಉದ್ದೇಶದಿಂದ ಕಡಲೊಳಗೆ ಮುಳುಗುದಿಬ್ಬಗಳನ್ನು ನಿರ್ಮಿಸಿದರು, ತೀರದಲ್ಲಿ ಕಲ್ಲಿನ ಅಡ್ಡಕಟ್ಟೆಗಳನ್ನು ಹಾಕಿದರು, ಹಳೆಯ ತಡೆಗೋಡೆಗಳನ್ನೂ ದುರಸ್ತಿ ಮಾಡಿದರು. ಒಂದೆಡೆ ಹಿಡಿದ ತೆರೆ ಇನ್ನೊಂದೆಡೆ ಹೊರಳುತ್ತದೆಂಬ ದೂರು ದಕ್ಷಿಣದ ಉಚ್ಚಿಲ, ಬಟ್ಟಪಾಡಿಗಳ ಕಡೆಯಿಂದ ಕೇಳಿಬರುತ್ತಲೇ ಇದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಹೆಚ್ಚುವುದು ಲೋಕದ ಬೇರೆ ತೀರಗಳಲ್ಲೂ ಕಂಡ ಸಂಗತಿ. ಆದ್ದರಿಂದ ಇಂಥ ದೂರನ್ನು ಅಳತೆಗೆ ಒಡ್ಡಿ ನೋಡಬೇಕು, ಬರಿಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಇಷ್ಟು ಹೇಳಲು ಒಂದೂ ಸಮೀಕರಣ ಬೇಕಾಗಲಿಲ್ಲ. ಹಾಗೆಂದು ವಿಜ್ಞಾನವನ್ನು ತೆಳುಮಾಡಿದಂತೆಯೂ ಆಗಲಿಲ್ಲ. ಹಿಮ್ಮಡಿ, ಚಪ್ಪಲಿ, ಅಂಗಡಿಯ ಲೆಕ್ಕ ಇವು ಮೂರೂ ಕೇಳುವವನ ಕೈಯಲ್ಲಿ ಮೊದಲೇ ಇದ್ದವು. ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು ಹಿಡಿದ ದಾರಿ ಬಹುಮಟ್ಟಿಗೆ ಇದೇ.

ನೂರು ವರ್ಷಗಳ ದುಡಿಮೆ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂದುದು ಮಂಗಳೂರಿನಿಂದ. ವಿಜ್ಞಾನಕ್ಕಾಗಿಯೇ ಒಂದು ಪತ್ರಿಕೆ ಬರಲು ಮತ್ತೆ ಮುಕ್ಕಾಲು ಶತಮಾನ ಬೇಕಾಯಿತು. ಬೆಂಗಳೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ 1918ರ ಸುಮಾರಿಗೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಅದು ಬದುಕಿದ್ದು ಎರಡೇ ವರ್ಷ. ಪಂಪಭಾರತವನ್ನು ಸಂಪಾದಿಸಿದ ಕೈಯೇ 'ಜೀವವಿಜ್ಞಾನ'ವನ್ನೂ ಬರೆಯಿತೆಂಬುದು ಇಂದಿನ ಓದುಗರಿಗೆ ಆಶ್ಚರ್ಯವೆನ್ನಿಸಬಹುದು. ಹಳಗನ್ನಡವನ್ನೂ ಹೊಸ ಶಾಸ್ತ್ರವನ್ನೂ ಒಂದೇ ನಾಡಿನ ಕೆಲಸವೆಂದು ಭಾವಿಸಿದ ಕಾಲ ಅದು.

ಕರಾವಳಿಯ ಮಟ್ಟಿಗೆ ಹೇಳುವುದಾದರೆ ಮೊದಲು ನೆನಪಾಗುವ ಹೆಸರು ಶಿವರಾಮ ಕಾರಂತರದು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ಬಿಟ್ಟು ಬಂದವರು. ವಿಜ್ಞಾನದ ಪದವಿಯಿರಲಿ, ಯಾವ ಪದವಿಯನ್ನೂ ಓದಿ ಪಡೆದವರಲ್ಲ. ಪುತ್ತೂರಿನಲ್ಲಿ ಕುಳಿತು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಅಲ್ಲಿಗೂ ತೃಪ್ತರಾಗದೆ 1959ರಿಂದ ಮುಂದಕ್ಕೆ ನಾಲ್ಕು ಸಂಪುಟಗಳಲ್ಲಿ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ತಾವು ಕಲಿಯುತ್ತ ಕಲಿತದ್ದನ್ನು ಹೇಳುವವನಿಗೆ ಒಂದು ಅನುಕೂಲವಿದೆ. ಎಲ್ಲಿ ತನಗೆ ಎಡವಿತೋ ಅಲ್ಲೇ ಓದುಗನಿಗೂ ಎಡವುತ್ತದೆ ಎಂಬುದು ಅವನಿಗೆ ಗೊತ್ತಿರುತ್ತದೆ. ಆ ವಿಷಯದಲ್ಲೇ ನುರಿತ ಪಂಡಿತರಿಗೆ ಅನೇಕ ವೇಳೆ ಈ ನೆನಪು ಅಳಿಸಿಹೋಗಿರುತ್ತದೆ.

ಮುಂದಿನ ತಲೆಮಾರಿನಲ್ಲಿ ಅಧ್ಯಾಪಕರೇ ಈ ಕೆಲಸಕ್ಕೆ ಇಳಿದರು. ಮಡಿಕೇರಿಯಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು ಜಿ.ಟಿ. ನಾರಾಯಣರಾಯರು ನಕ್ಷತ್ರಗಳನ್ನು ಕನ್ನಡದಲ್ಲಿ ತೋರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನದ ಭಾಗವನ್ನು ನೋಡಿಕೊಂಡರು. ರಸಾಯನಶಾಸ್ತ್ರದ ಜೆ.ಆರ್. ಲಕ್ಷ್ಮಣರಾಯರು ಬರೆಹದ ಶಿಸ್ತಿಗೆ ಹೆಸರಾದರು. ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯನ್ನೇ 'ಹಸುರು ಹೊನ್ನು' ಮಾಡಿದರು. ನಗಿಸುತ್ತ ನಗಿಸುತ್ತ ಗಿಡಗಳ ಕುಲಗೋತ್ರ ಕಲಿಸುವ ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅದೇ ವರ್ಷ ಆರಂಭವಾದ 'ಬಾಲವಿಜ್ಞಾನ' ಮಾಸಪತ್ರಿಕೆಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬೆಳೆಸಿತು. ದೀರ್ಘಕಾಲ ಅದರ ಸಂಪಾದಕ ಹೊಣೆ ಹೊತ್ತವರು ದಕ್ಷಿಣ ಕನ್ನಡದ ಅಡ್ಯನಡ್ಕದ ಕೃಷ್ಣ ಭಟ್ಟರು. ದಿನಪತ್ರಿಕೆಯ ಅಂಕಣದಲ್ಲಿ ನಾಗೇಶ ಹೆಗಡೆಯವರು ಪರಿಸರ ಮತ್ತು ವಿಜ್ಞಾನವನ್ನು ಕಾಫಿ ಕುಡಿಯುತ್ತ ಓದುವ ವಿಷಯವನ್ನಾಗಿ ಮಾಡಿದರು.

ಇವರಲ್ಲಿ ಒಬ್ಬರ ಶೈಲಿ ಇನ್ನೊಬ್ಬರದರಂತಿಲ್ಲ. ಸಾಮಾನ್ಯವಾದ ಗುಣ ಒಂದಿದೆ. ಓದುಗ ದಡ್ಡನೆಂದು ಇವರು ಎಣಿಸಲಿಲ್ಲ. ಅವನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ ಎಂದಷ್ಟೇ ಭಾವಿಸಿದರು.

ಮಾತಿನ ಮರಳು, ಮಾತಿನ ಮುತ್ತು

ಕನ್ನಡದಲ್ಲಿ ವಿಜ್ಞಾನ ಎಂದೊಡನೆ ಏಳುವ ಮೊದಲ ತಕರಾರು ಪಾರಿಭಾಷಿಕ ಪದಗಳದ್ದು. ಆಮ್ಲಜನಕ, ಗುರುತ್ವಾಕರ್ಷಣೆ ಮುಂತಾದವು ಒಂದು ಕಾಲಕ್ಕೆ ಹೊಸದಾಗಿ ಟಂಕಿಸಿದ ಪದಗಳೇ. ಪಠ್ಯಪುಸ್ತಕದ ಮೂಲಕ ಈಗ ಮನೆಮಾತಾಗಿವೆ. ಅದೇ ಟಂಕಸಾಲೆಯಲ್ಲಿ ತಯಾರಾದ ಎಷ್ಟೋ ಪದಗಳು ಪದಕೋಶದಿಂದ ಹೊರಗೆ ಕಾಲಿಡಲಿಲ್ಲ. ಬಸ್ಸು, ರೇಡಿಯೊ, ಬ್ಯಾಟರಿಗಳು ಯಾರ ಅಪ್ಪಣೆಯೂ ಇಲ್ಲದೆ ಕನ್ನಡವಾದವು. ಪದವೊಂದು ಉಳಿಯುವುದೂ ಅಳಿಯುವುದೂ ಬಾಯಿಂದ ಬಾಯಿಗೆ ದಾಟುವ ಅದರ ಶಕ್ತಿಯ ಮೇಲೆ ನಿಂತಿದೆ.

ಪದ ಕಟ್ಟುವ ಮೊದಲು ಇರುವ ಪದವನ್ನು ಹುಡುಕುವುದು ಲೇಸು. ಕರಾವಳಿಯಲ್ಲಂತೂ ಅದು ಬೇಕಾದಷ್ಟಿದೆ. ಮರಳಿಗೆ ಇಲ್ಲಿ ಹೊಯಿಗೆ ಎನ್ನುತ್ತಾರೆ. ಮಂಗಳೂರಿನ ಹೊಯಿಗೆಬಜಾರಿಗೆ ಆ ಹೆಸರು ಬಂದದ್ದು ಸುಮ್ಮನೆ ಅಲ್ಲ. ನದಿ ಕಡಲು ಸೇರುವ ಬಾಯಿಗೆ ಅಳಿವೆ. ನದಿಗೂ ಕಡಲಿಗೂ ನಡುವೆ ಚಾಚಿದ ಹೊಯಿಗೆಯ ನಾಲಗೆಯ ಮೇಲೆ ಬೆಳೆದ ಊರುಗಳಿಗೆ ಬೆಂಗ್ರೆ, ಕೋಡಿ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ: ಮಂಗಳೂರಿನೆದುರಿನ ಬೆಂಗ್ರೆ, ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ. ಭೂವಿಜ್ಞಾನದ ಪುಸ್ತಕದಲ್ಲಿ ಎರಡು ಸಾಲಿನ ವ್ಯಾಖ್ಯೆ ಬೇಡುವ ಭೂರೂಪವನ್ನು ಊರಿನ ಹೆಸರೇ ತಿಳಿಸಿಬಿಡುತ್ತದೆ. ಇಂಥ ಹೆಸರುಗಳನ್ನು ಬಿಟ್ಟು 'ಮರಳು ಚಾಚಿಕೆ' ಎಂದೋ 'ನದೀಮುಖ ಭೂಶಿರ' ಎಂದೋ ಹೊಸದನ್ನು ಹೊಸೆದರೆ, ಅಲ್ಲೇ ಹುಟ್ಟಿ ಬೆಳೆದವನೂ ತನ್ನ ಊರನ್ನು ಗುರುತಿಸಲಾರ.

ಹೋಲಿಕೆಗಳ ವಿಷಯದಲ್ಲೂ ಎಚ್ಚರ ಬೇಕು. ಹೋಲಿಕೆಯೆಂಬುದು ಹೊಳೆ ದಾಟಿಸುವ ದೋಣಿಯಂತೆ. ಆಚೆ ದಡ ಮುಟ್ಟಿದ ಮೇಲೂ ತಲೆಯ ಮೇಲೆ ಹೊತ್ತು ನಡೆದರೆ ಕಷ್ಟ. ಕಡಲತೀರವನ್ನು ಅಂಗಡಿಯ ಲೆಕ್ಕಕ್ಕೆ ಹೋಲಿಸಿದ್ದು ಜಮೆ-ಖರ್ಚಿನ ಮಟ್ಟಿಗೆ ಸರಿ. ಆದರೆ ಅಂಗಡಿಯ ಹಣ ಯಾರ ಬಳಿ ಹೋಯಿತೆಂದು ಪುಸ್ತಕ ನೋಡಿ ಹೇಳಬಹುದು. ಹೊಯಿಗೆಯ ಕಣ ಎಲ್ಲಿಂದ ಹೊರಟು ಎಲ್ಲಿ ನಿಂತಿತೆಂದು ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. ವರ್ಷವರ್ಷಕ್ಕೆ ಗಾಳಿ ಬದಲಾಗುತ್ತದೆ, ತೆರೆಯ ದಿಕ್ಕು ಬದಲಾಗುತ್ತದೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದೂ ವಿಜ್ಞಾನ ಲೇಖಕನ ಕರ್ತವ್ಯ. ಅದನ್ನು ಬಿಟ್ಟರೆ ಓದುಗನ ಕೈಯಲ್ಲಿ ಉಳಿಯುವುದು ಒಂದು ಚಂದದ ತಪ್ಪು ಕಲ್ಪನೆ.

ಹೇಳುವವನೂ ಕೇಳಬೇಕು

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಪ್ರಕಟವಾದದ್ದು 1980ರಲ್ಲಿ. ಹಾರುವ ಓತಿಯ ಬೆನ್ನು ಹತ್ತಿದ ಆ ಕಥೆಯಲ್ಲಿ ವಿಜ್ಞಾನಿ ಕರ್ವಾಲೊ, ಊರಿನವರು ಕೆಲಸಕ್ಕೆ ಬಾರದವನೆಂದು ತಿಳಿದ ಮಂದಣ್ಣನಲ್ಲಿ ಹುಟ್ಟು ಜೀವಶಾಸ್ತ್ರಜ್ಞನನ್ನು ಕಾಣುತ್ತಾರೆ. ಕಾದಂಬರಿಯನ್ನು ಮೆಚ್ಚಿದ ಸಾವಿರಾರು ಓದುಗರು ವಿಜ್ಞಾನದ ಬಗೆಗೂ ಒಂದು ಮಾತನ್ನು ಕಲಿತರು: ನೋಡುವ ಕಣ್ಣು ಪ್ರಯೋಗಾಲಯದ ಹೊರಗೂ ಇರುತ್ತದೆ.

ಕರಾವಳಿಯಲ್ಲಿ ಇದು ಕಥೆಯಾಗಿಯೇ ಉಳಿಯಲಿಲ್ಲ. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ', ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ, ಕೃಷಿಕರ ಕೈಗೇ ಲೇಖನಿ ಕೊಡುವ ಹಂಬಲವಿಟ್ಟುಕೊಂಡಿತು. ತೋಟದಲ್ಲಿ ಮಳೆನೀರು ಇಂಗಿಸಿದವನು ಅದನ್ನು ತಾನೇ ಬರೆದರೆ, ಎಷ್ಟು ಖರ್ಚಾಯಿತು, ಎಲ್ಲಿ ಸೋತೆ ಎಂಬುದೂ ಅದರಲ್ಲಿ ಬರುತ್ತದೆ. ಓದುವ ಕೃಷಿಕನಿಗೆ ಬೇಕಾದದ್ದು ಮುಖ್ಯವಾಗಿ ಅದೇ. ಸಂಶೋಧನಾ ಕೇಂದ್ರದ ತಿಳಿವಳಿಕೆಯೂ ಹಳ್ಳಿಗೆ ಇಳಿದದ್ದು ಕೈಯ ಮೂಲಕ. ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರದಿಂದ ಹೊರಬಂದ ಉಳ್ಳಾಲ-1, ಉಳ್ಳಾಲ-2 ಮೊದಲಾದ ಗೇರು ತಳಿಗಳು ಊರಿನ ಹೆಸರನ್ನೇ ಹೊತ್ತು ತೋಟ ತೋಟಗಳಿಗೆ ಹೋದವು. ಕಸಿ ಕಟ್ಟುವುದನ್ನು ಕಣ್ಣಾರೆ ನೋಡಿ ಕಲಿತವನಿಗೆ ತಳಿಶಾಸ್ತ್ರದ ಅರ್ಧ ಪಾಠ ಅಲ್ಲೇ ಆಯಿತು.

ಅದೇ ಗೇರುತೋಟ ಇನ್ನೊಂದು ಕಠಿಣ ಪಾಠವನ್ನೂ ಕಲಿಸಿತು. ಉಳ್ಳಾಲದಿಂದ ತಲಪಾಡಿ ದಾಟಿದರೆ ಕಾಸರಗೋಡು. ಅಲ್ಲಿಯ ಪಡ್ರೆ, ಎಣ್ಮಕಜೆ ಸುತ್ತಿನ ಕನ್ನಡ, ತುಳು ಮಾತಾಡುವ ಹಳ್ಳಿಗಳ ಗುಡ್ಡದ ಗೇರುತೋಟಗಳಿಗೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮಕ್ಕಳಲ್ಲಿ ಅಂಗವೈಕಲ್ಯ, ನರದ ಕಾಯಿಲೆಗಳು ಒಂದೇ ಊರಿನಲ್ಲಿ ಹೀಗೆ ಯಾಕೆ ಕಾಣಿಸುತ್ತವೆ ಎಂದು ಮೊದಲು ಕೇಳಿದವರು ಅಲ್ಲೇ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ಬರೆದು ಹೊರಲೋಕಕ್ಕೆ ತಿಳಿಸಿದವರಲ್ಲಿ ಶ್ರೀಪಡ್ರೆ ಮೊದಲಿಗರು. ವಾದವಿವಾದಗಳು ಬಹುಕಾಲ ನಡೆದವು. ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟು ಈ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು. ಮೊದಲ ಪ್ರಶ್ನೆ ಹುಟ್ಟಿದ್ದು ದೂರದ ಪ್ರಯೋಗಾಲಯದಲ್ಲಲ್ಲ, ರೋಗಿಯ ಮಾತನ್ನು ರೋಗಿಯ ಭಾಷೆಯಲ್ಲೇ ಕೇಳಿಸಿಕೊಂಡ ಹಳ್ಳಿಯ ಚಿಕಿತ್ಸಾಲಯದಲ್ಲಿ. ವಿಜ್ಞಾನ ಸಂವಹನವೆಂದರೆ ಮೇಲಿನಿಂದ ಕೆಳಕ್ಕೆ ಸುರಿಯುವುದೆಂದು ತಿಳಿದವರು ಈ ಪ್ರಸಂಗವನ್ನು ನೆನೆಯಬೇಕು.

ಒಂದು ಕೋಲು, ಒಂದು ನೆರಳು

ಹೇಳುವುದಕ್ಕಿಂತ ತೋರಿಸುವುದು ಮೇಲು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಉಳ್ಳಾಲ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12.8 ಡಿಗ್ರಿಯಲ್ಲಿ. ಆದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಒಂದು ಕ್ಷಣ ಅದರ ಬುಡದಲ್ಲೇ ಅಡಗುತ್ತದೆ. ಆಗಸ್ಟಿನಲ್ಲಿ ಮೋಡ ಬಿಡದಿರಬಹುದು. ಏಪ್ರಿಲಿನಲ್ಲಿ ಯಾವ ಶಾಲೆಯ ಅಂಗಳದಲ್ಲಾದರೂ ನೋಡಬಹುದು. ಗಡಿಯಾರ ಹಿಡಿದು ನಿಂತವರಿಗೆ ಇನ್ನೊಂದು ಸೋಜಿಗ: ನೆರಳು ಮಾಯವಾಗುವುದು ಹನ್ನೆರಡು ಗಂಟೆಗಲ್ಲ, ಹನ್ನೆರಡೂವರೆಗೆ ಒಂದೆರಡು ನಿಮಿಷ ಇರುವಾಗ. ಯಾಕೆ? ನಮ್ಮ ಗಡಿಯಾರ ನಡೆಯುವುದು ಪೂರ್ವದಲ್ಲಿ, ಅಲಹಾಬಾದಿನ ಸಮೀಪ ಹಾದುಹೋಗುವ ರೇಖಾಂಶದ ಲೆಕ್ಕದಲ್ಲಿ. ಸೂರ್ಯ ಅಲ್ಲಿಂದ ಉಳ್ಳಾಲದ ನೆತ್ತಿಗೆ ಬರಲು ಅರ್ಧ ಗಂಟೆ ಬೇಕು. ಒಂದು ಕೋಲಿನಿಂದ ಭೂಮಿಯ ಓರೆ, ಅದರ ಸುತ್ತಾಟ, ದೇಶದ ಸಮಯ ಮೂರನ್ನೂ ಹೇಳಿದಂತಾಯಿತು.

ಗ್ರಹಣಗಳ ಕಥೆಯೂ ಹೀಗೆಯೇ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ಹೊಕ್ಕು ಕರ್ನಾಟಕವನ್ನು ದಾಟಿತು. ಅಂದು ಅನೇಕ ಊರುಗಳಲ್ಲಿ ಬೀದಿಗಳು ಬಿಕೋ ಎನ್ನುತ್ತಿದ್ದವು, ಜನ ಬಾಗಿಲು ಹಾಕಿ ಒಳಗೆ ಕುಳಿತಿದ್ದರು. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಮಂಗಳೂರಿನಲ್ಲೇ ಕಾಣಿಸಿದಾಗ, ಪಿಲಿಕುಳದ ವಿಜ್ಞಾನ ಕೇಂದ್ರದಲ್ಲಿ ಮಕ್ಕಳೂ ದೊಡ್ಡವರೂ ಸೌರ ಕನ್ನಡಕ ಹಾಕಿಕೊಂಡು ಆಕಾಶ ನೋಡಿದರು. ನಲವತ್ತು ವರ್ಷಗಳ ಲೇಖನ, ಉಪನ್ಯಾಸ, ಬಾಲವಿಜ್ಞಾನ, ತಾರಾಲಯಗಳ ಫಲ ಅದರಲ್ಲಿ ಇತ್ತು. ಆದರೆ ಅದೇ ದಿನ ಕಲಬುರಗಿಯ ಸಮೀಪ ಅಂಗವಿಕಲ ಮಕ್ಕಳನ್ನು ರೋಗ ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿಯೂ ಬಂತು. ಆ ತಂದೆತಾಯಿಯರನ್ನು ಮೂಢರೆಂದು ಹಳಿಯುವುದು ಸುಲಭ. ಮಗುವಿನ ಕಾಯಿಲೆಗೆ ಏನು ಕಾರಣ, ಎಷ್ಟು ಗುಣವಾಗಬಹುದು ಎಂದು ಅವರ ಮಾತಿನಲ್ಲಿ ಕುಳಿತು ಹೇಳಿದವರು ಯಾರಾದರೂ ಇದ್ದರೇ ಎಂದು ಕೇಳಿಕೊಳ್ಳುವುದು ಕಷ್ಟ.

ಮತ್ತೆ ಕಡಲ ತಡಿಗೆ

ಉಳ್ಳಾಲದ ಬೀದಿಯಲ್ಲಿ ನಡೆದರೆ ಕಿವಿಗೆ ಬೀಳುವುದು ಹೆಚ್ಚಾಗಿ ತುಳು ಮತ್ತು ಬ್ಯಾರಿ; ಜತೆಗೆ ಕೊಂಕಣಿ, ಮಲೆಯಾಳ. ಕನ್ನಡ ಶಾಲೆಯ, ಪತ್ರಿಕೆಯ, ಕಚೇರಿಯ ಮಾತು. ಇಂಗ್ಲಿಷಿನ ವರದಿಯನ್ನು ಕನ್ನಡಕ್ಕೆ ತಂದರೆ ಕೆಲಸ ಅರ್ಧ ಆದಂತೆ. ಮನೆಯೊಳಗಿನ ಹೆಂಗಸರಿಗೆ, ಬಲೆ ನೇಯುವ ಹಿರಿಯರಿಗೆ ತಲುಪಲು ಉಳಿದರ್ಧ ದಾರಿಯನ್ನು ಬಾಯಿಮಾತೇ ನಡೆಯಬೇಕು. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತುಳುವಿನಲ್ಲಿ ಮಾತಾಡಿದಾಗ ಕೇಳುಗರು ರೇಡಿಯೊ ಬಳಿಗೆ ಸರಿದು ಕುಳಿತದ್ದು ಇದೇ ಕಾರಣಕ್ಕೆ. ನೆರೆಯ ಕೇರಳದಲ್ಲಿ 1962ರಲ್ಲಿ ಹುಟ್ಟಿದ ಶಾಸ್ತ್ರ ಸಾಹಿತ್ಯ ಪರಿಷತ್ತು ಹಾಡು, ಬೀದಿನಾಟಕಗಳ ಜಾಥಾ ಕಟ್ಟಿಕೊಂಡು ಊರೂರು ಸುತ್ತಿ ವಿಜ್ಞಾನವನ್ನು ಚರ್ಚೆಯ ವಿಷಯ ಮಾಡಿತು. ಯಕ್ಷಗಾನದಲ್ಲಿ ರಾತ್ರಿಯಿಡೀ ತರ್ಕ ಕೇಳಿ ತಲೆದೂಗುವ ಜನರಿಗೆ ವಾದ ರುಚಿಸದೆಂದು ಹೇಳಲು ಬಾರದು.

ಹೇಳುವವನು ತನಗೆ ಗೊತ್ತಿಲ್ಲದ್ದನ್ನೂ ಹೇಳಬೇಕು. ಮುಂದಿನ ಮಳೆಗಾಲಕ್ಕೆ ಕಡಲು ಎಷ್ಟು ಅಡಿ ಒಳಬರುತ್ತದೆಂದು ಯಾವ ವಿಜ್ಞಾನಿಯೂ ಖಚಿತವಾಗಿ ಹೇಳಲಾರ. ಲೋಕದ ಕಡಲುಗಳ ಮಟ್ಟ ಮೆಲ್ಲಮೆಲ್ಲನೆ ಏರುತ್ತಿರುವುದು ನಿಜ. ಉಳ್ಳಾಲದ ಒಂದೊಂದು ಮನೆ ಬಿದ್ದುದಕ್ಕೂ ಅದನ್ನೇ ಕಾರಣ ಮಾಡುವುದು ನಿಜವಲ್ಲ. ಇಂಥ ಬಿಡಿಸಿ ಹೇಳುವ ಮಾತುಗಳಿಗೆ ದಪ್ಪಕ್ಷರದ ತಲೆಬರಹ ಸಿಗುವುದಿಲ್ಲ. ಆದರೆ ಒಮ್ಮೆ ಹೆಚ್ಚು ಹೇಳಿ ಸುಳ್ಳಾದರೆ, ಮುಂದೆ ನಿಜವಾದ ಎಚ್ಚರಿಕೆ ಕೊಟ್ಟಾಗಲೂ ಜನ ಮನೆ ಬಿಟ್ಟು ಹೊರಡುವುದಿಲ್ಲ. ಕಡಲತಡಿಯಲ್ಲಿ ನಂಬಿಕೆ ಕಳೆದುಕೊಳ್ಳುವುದರ ಬೆಲೆ ಜೀವ.

ಮೀನುಗಾರನ ಬಳಿಯೂ ತಿಳಿವಳಿಕೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ದಡ ಸೇರುವ 61 ದಿನಗಳಲ್ಲಿ ಅವನ ಕಣ್ಣು ನೆಟ್ಟಿರುವುದು ಕಡಲಿನ ಮೇಲೆಯೇ. ಯಾವ ವರ್ಷ ಅಳಿವೆ ಎತ್ತ ವಾಲಿತು, ಹೊಯಿಗೆಯ ದಿಬ್ಬ ಎಲ್ಲಿ ಎದ್ದಿತು, ತಾತನ ಕಾಲದಲ್ಲಿ ಬಲೆ ಒಣಗಿಸುತ್ತಿದ್ದ ಜಾಗ ಈಗ ಎಷ್ಟು ನೀರಿನಡಿ ಇದೆ ಎಂಬ ಲೆಕ್ಕ ಅವನ ನೆನಪಿನಲ್ಲಿದೆ. ಅದನ್ನು ತೇದಿಯೊಡನೆ ಬರೆದಿಟ್ಟು, ಉಪಗ್ರಹದ ಚಿತ್ರಗಳೊಡನೆ ಹೊಂದಿಸಿ ನೋಡಿದರೆ ಎರಡೂ ಕಡೆಗೆ ಲಾಭ. ಪ್ರತಿ ತಿಂಗಳೂ ಒಂದೇ ಗೂಟದಿಂದ ನೀರಿನಂಚಿಗೆ ಎಷ್ಟು ಮಾರು ಎಂದು ಹತ್ತನೆಯ ತರಗತಿಯ ಮಕ್ಕಳು ಅಳೆದು ಗೋಡೆಯ ಮೇಲೆ ಬರೆದರೂ ಸಾಕು, ಐದು ವರ್ಷಗಳಲ್ಲಿ ಊರಿಗೊಂದು ದಾಖಲೆ ಸಿದ್ಧವಾಗುತ್ತದೆ. ಹೋಗಿ ಬರುವ ಹೊಯಿಗೆ ಎಷ್ಟು, ಬಾರದೆ ಹೋದದ್ದು ಎಷ್ಟು ಎಂಬುದು ಅದರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ.

ಅಂಥ ಅಳತೆಯ ಪುಸ್ತಕವನ್ನು ಕೈಯಲ್ಲಿ ಹಿಡಿದವರು ಮುಂದಿನ ಮಳೆಗಾಲದಲ್ಲಿ ಕಲ್ಲಿನ ಲಾರಿ ಬಂದಾಗ ಕೇಳುವ ಪ್ರಶ್ನೆ ಬೇರೆಯಾಗಿರುತ್ತದೆ. ಕಲ್ಲು ಎಷ್ಟು ಹಾಕುತ್ತೀರಿ ಎಂದು ಕೇಳುವ ಬದಲು, ಈ ಕಲ್ಲಿನ ತುದಿಯಲ್ಲಿರುವ ಮನೆಗೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ.